ಬ್ಯಾಡಗಿಗೆ ಹನ್ನೆರಡನೆಯ ಬಾಗಿಲು ಬಂದ ವರ್ಷ

ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಹುಳಿಯೂ ಅಲ್ಲ, ಕಮಟೂ ಅಲ್ಲ. ಹೊಸದಾಗಿ ಸುಣ್ಣ ಬಳಿದ ಕೋಣೆಯಲ್ಲಿ ಯಾರೋ ಗಂಜಿ ಬಸಿದ ಹಾಗೆ. ಹೋದ ತಿಂಗಳು ಧಾರವಾಡದಲ್ಲಿ, ನನ್ನ ಕಾನ್ವೆಂಟ್ ಕಾಲದ ಡಿಕ್ಷನರಿಯ ಬೆನ್ನು ಕಿತ್ತುಹೋಗಿದೆಯೆಂದು ಬೈಂಡರ್ ಒಬ್ಬನ ಹತ್ತಿರ ಒಯ್ದಿದ್ದೆ. ಆತ ಅಂಟಿನ ಡಬ್ಬಿಯ ಮುಚ್ಚಳ ತೆಗೆದ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬಿ.ಪಿ. ಐತೇನ್ರಿ ಅಜ್ಜೀ ಎಂದು ಆತ ಕೇಳಿದ. ಐತಪ್ಪಾ ಎಂದೆ. ಬಿ.ಪಿ. ಇರುವುದೇನೋ ಖರೆ. ಆದರೆ ಆ ಗಳಿಗೆಯಲ್ಲಿ ನಾನು ಕೂತದ್ದು ಧಾರವಾಡದಲ್ಲಿ ಅಲ್ಲ, ಬ್ಯಾಡಗಿಯ ಒಂದು ಹಿತ್ತಲಲ್ಲಿ, ಕೆಂಪು ಮೆಣಸಿನಕಾಯಿಯ ರಾಶಿಯ ಪಕ್ಕದಲ್ಲಿ. ಇಷ್ಟು ವರ್ಷವಾದರೂ ಅಲ್ಲಿಂದ ಎದ್ದು ಬರುವುದು ನನಗೆ ಸರಿಯಾಗಿ ಆಗಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮವರಿಗೆ ಬ್ಯಾಂಕಿನಿಂದ ಬ್ಯಾಡಗಿಗೆ ಟ್ರಾನ್ಸ್‌ಫರ್ ಆಯಿತು. ನಾನು ಬೆಳಗಾವಿಯಲ್ಲಿ ನನ್‌ಗಳ ಕೈಯಲ್ಲಿ ಓದಿದವಳು. ಕನ್ನಡದಲ್ಲಿ ಕಾಗದ ಬರೆಯುವ ಮೊದಲೇ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ನೋಟ್ ಬರೆಯಲು ಕಲಿತವಳು. ಬ್ಯಾಡಗಿ ಎಂದರೆ ನನಗೆ ಮಸಾಲೆ ಡಬ್ಬಿಯ ಮೇಲಿನ ಹೆಸರು, ಅಷ್ಟೆ. ಮೊದಲ ವಾರವಿಡೀ ಸೀನಿದೆ. ಆ ಊರಿನಲ್ಲಿ ಹೊಸಬರನ್ನು ಸೀನಿನಿಂದಲೇ ಗುರುತು ಹಿಡಿಯುತ್ತಾರೆ; ಸೀನು ನಿಂತ ದಿನ ನೀವು ಊರಿನವರು. ಸುಗ್ಗಿ ಶುರುವಾದರೆ ಗಾಳಿಯೇ ಖಾರ. ಒಣಹಾಕಿದ ಬಟ್ಟೆ, ಕುಡಿಯುವ ಚಹಾ, ಕೊನೆಗೆ ದೇವರ ಮುಂದಿನ ಊದಿನಕಡ್ಡಿಯ ಹೊಗೆ ಕೂಡ ಗಂಟಲಿಗೆ ಹತ್ತುತ್ತಿತ್ತು.

ನಾವು ಬಾಡಿಗೆಗಿದ್ದದ್ದು ವಿರುಪಾಕ್ಷಪ್ಪನವರ ಮನೆಯ ಮುಂದಿನ ಎರಡು ಖೋಲಿಗಳಲ್ಲಿ. ಅವರು ಸಣ್ಣ ಮೆಣಸಿನಕಾಯಿ ವ್ಯಾಪಾರಿ. ಮಾರ್ಕೆಟಿನಲ್ಲಿ ಕೊಂಡ ಕಾಯಿಯನ್ನು ಹಿತ್ತಲಿಗೆ ತಂದು ಸುರುವುತ್ತಿದ್ದರು. ಓಣಿಯ ಏಳೆಂಟು ಹೆಂಗಸರು ಮಧ್ಯಾಹ್ನ ಬಂದು ಕೂತು ತುಂಬು ಬಿಡಿಸುತ್ತಿದ್ದರು. ತುಂಬು ಬಿಡಿಸುವುದೆಂದರೆ ಒಂದೊಂದು ಕಾಯಿಯ ತೊಟ್ಟನ್ನೂ ಉಗುರಿನಿಂದ ಮುರಿದು ಬೇರೆ ಮಾಡುವುದು. ಮೂಗಿಗೆ ಸೆರಗು ಕಟ್ಟಿಕೊಂಡು, ಬೆರಳಿಗೆ ಎಣ್ಣೆ ಸವರಿಕೊಂಡು ಅವರು ಕೂತಿರುತ್ತಿದ್ದರೆ ನಡುವೆ ವಿರುಪಾಕ್ಷಪ್ಪನವರ ಹೆಂಡತಿ ಶಾಂತಕ್ಕ. ಯಜಮಾನಿ ಎಂದು ಮಣೆಯ ಮೇಲೆ ಕೂರುತ್ತಿರಲಿಲ್ಲ, ಎಲ್ಲರ ಹಾಗೆ ಗೋಣಿತಟ್ಟಿನ ಮೇಲೆಯೇ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರಿರಬೇಕು. ಮಾತು ಕಡಿಮೆ. ನಾನು ಬಂದ ದಿನ ಒಂದು ತಂಬಿಗೆ ಮಜ್ಜಿಗೆ ತಂದಿಟ್ಟು, "ಸೀನು ಬಂದರ ತಡೀಬ್ಯಾಡ್ರಿ ಬಾಯಾರ, ತಡದಷ್ಟೂ ಜೋರ ಬರತದ" ಎಂದಿದ್ದರು. ಬಹಳ ದಿನ ಅವರು ನನ್ನೊಡನೆ ಆಡಿದ ಉದ್ದ ಮಾತೆಂದರೆ ಅದೇ.

ಆ ಹಿತ್ತಲಿನಲ್ಲಿ ತುಂಬು ಬಿಡಿಸುವಷ್ಟೇ ಶ್ರದ್ಧೆಯಿಂದ ಇನ್ನೊಂದು ಕೆಲಸ ನಡೆಯುತ್ತಿತ್ತು. ಮೆಹರುನ್ನಿಸಾ ಎಂಬ ಹುಡುಗಿ ಗೋಡೆಗೆ ಆತು ಕೂತು ಪುಸ್ತಕ ಓದಿ ಹೇಳುತ್ತಿದ್ದಳು. ಆಕೆ ಬೈಂಡರ್ ಇಮಾಮ್‌ಸಾಹೇಬರ ಮಗಳು, ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಪುಸ್ತಕ ಹಿಡಿದರೆ ಮಾತ್ರ ಬೇರೆಯೇ ಒಂದು ದನಿ, ರೇಡಿಯೋದವರಿಗೂ ಬಾರದಂಥದ್ದು. ಓದುತ್ತಿದ್ದದ್ದು 'ಹನ್ನೆರಡು ಬಾಗಿಲ ಕೋಟೆ'. ಈಗ ಯಾರಿಗೂ ನೆನಪಿರಲಿಕ್ಕಿಲ್ಲ. ವರ್ಷಕ್ಕೆ ಎರಡೋ ಮೂರೋ ಪುಸ್ತಕ, ಒಂದೊಂದು ಪುಸ್ತಕಕ್ಕೆ ಒಂದೊಂದು ಬಾಗಿಲು. ಕಿರಣಲೇಖೆ ಎಂಬ ಹುಡುಗಿಯ ತಮ್ಮ ಚಿರಂತನನ್ನು ಹೊಳೆಯ ದಂಡೆಯಲ್ಲಿ ಮಂಜು ನುಂಗಿಬಿಡುತ್ತದೆ. ಆಕೆ ಅವನನ್ನು ಹುಡುಕುತ್ತ ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತಾಳೆ. ಉಪ್ಪಿನ ಬಾಗಿಲು, ಗಂಟೆಗಳ ಬಾಗಿಲು, ಕಣ್ಣಿಲ್ಲದ ಹಕ್ಕಿಗಳು ಕಾಯುವ ಬಾಗಿಲು. ಮೊದಲ ಸಲ ಕೇಳಿದಾಗ ನಾನು ಮನಸ್ಸಿನಲ್ಲಿ ಸಿಲ್ಲಿ ಎಂದುಕೊಂಡೆ. ಮರುದಿನ ಕಿಟಕಿ ತೆರೆದಿಟ್ಟೆ. ಮೂರನೆಯ ದಿನ ನಾನೂ ಒಂದು ತಟ್ಟು ಹಾಸಿಕೊಂಡು ಹೋಗಿ ಕೂತೆ. ಬ್ಯಾಂಕಿನವರ ಹೆಂಡತಿ ತುಂಬು ಬಿಡಿಸಾಕ ಬಂದಾಳ ಎಂದು ಓಣಿಯೆಲ್ಲ ನಕ್ಕಿತಂತೆ.

ಪುಸ್ತಕ ಬರುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಎದುರಿನ ಗುರುನಾಥನ ಸರ್ಕ್ಯುಲೇಟಿಂಗ್ ಲೈಬ್ರರಿಗೆ. ಗುರುನಾಥ ತರಿಸುತ್ತಿದ್ದದ್ದು ಒಂದೇ ಪ್ರತಿ. ಕಾಯುವವರು ಅರ್ಧ ಊರು. ಅದಕ್ಕೆ ಅವನು ಕಂಡುಕೊಂಡ ಉಪಾಯ ನಾನು ಬೇರೆಲ್ಲೂ ಕಂಡಿಲ್ಲ: ಹೊಸ ಪುಸ್ತಕ ಬಂದ ದಿನವೇ ಇಮಾಮ್‌ಸಾಹೇಬರಿಗೆ ಕೊಟ್ಟು, ಹೊಲಿಗೆ ಬಿಚ್ಚಿಸಿ ಮೂರು ತುಂಡು ಮಾಡಿಸಿ, ಮೂರಕ್ಕೂ ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿಸಿ, ಮೂರು ಮನೆಗೆ ಕೊಡುತ್ತಿದ್ದ. ಮೊದಲ ತುಂಡು, ನಡೂ ತುಂಡು, ಕಡೇ ತುಂಡು. ಹೀಗಾಗಿ ಊರಿನಲ್ಲಿ ಯಾವಾಗಲೂ ಮೂರು ಥರದ ಜನ ಇರುತ್ತಿದ್ದರು, ಮತ್ತು ಅವರ ನಡುವೆ ಒಂದು ಕಾಯಿದೆ: ಮುಂದಿನ ತುಂಡು ಓದಿದವರು ಹಿಂದಿನ ತುಂಡಿನವರೆದುರು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಪುಸ್ತಕ ಅವರಿಗೆ ಎಲ್ಲರಿಗಿಂತ ಕಡೆಗೆ. ತಾಲೂಕು ಕಚೇರಿಯ ಒಬ್ಬ ಗುಮಾಸ್ತೆ ಹೋಟೆಲಿನಲ್ಲಿ ಬಾಯಿತಪ್ಪಿ ಗಂಟೆಗಳ ಬಾಗಿಲಿನ ಗುಟ್ಟು ಹೇಳಿ ಒಂದು ವರ್ಷ ಆ ಶಿಕ್ಷೆ ಅನುಭವಿಸಿದ್ದನಂತೆ. ನಮ್ಮ ಹಿತ್ತಲಿಗೆ ತುಂಡುಗಳು ಬರುತ್ತಿದ್ದದ್ದು ಎಲ್ಲ ಮನೆ ಸುತ್ತಿದ ಮೇಲೆ, ಮೆಣಸಿನಕಾಯಿಯ ಬೆರಳು ತಾಕಿದ ಪುಸ್ತಕ ಮತ್ತೊಬ್ಬರು ಹಿಡಿಯಲಾಗದೆಂದು. ಮೆಹರುನ್ನಿಸಾ ಮಾತ್ರ ಎಲ್ಲರಿಗಿಂತ ಮೊದಲು ಓದಿರುತ್ತಿದ್ದಳು. ಅಪ್ಪ ಮನೆಯಲ್ಲಿ ಅಂಟು ಕಾಯಿಸುವಷ್ಟರಲ್ಲಿ ಬಿಚ್ಚಿದ ಹಾಳೆಗಳೆಲ್ಲ ಆಕೆಯ ತೊಡೆಯ ಮೇಲೆ. ಓದಿಯೂ ತುಟಿ ಬಿಚ್ಚುತ್ತಿರಲಿಲ್ಲ.

ಶಾಂತಕ್ಕನ ವಿಷಯ ನನಗೆ ಹೇಳಿದವಳೂ ಅವಳೇ. ನಾವು ಬರುವ ಹಿಂದಿನ ವರ್ಷ ಶಾಂತಕ್ಕ ಮಗನನ್ನು ಕರೆದುಕೊಂಡು ತವರಿಗೆ, ಐರಣಿಗೆ ಹೋಗಿದ್ದರು. ಬಸೂ ಒಬ್ಬನೇ ಮಗ, ಹತ್ತು ತುಂಬಿ ಹನ್ನೊಂದು. ತುಂಗಭದ್ರೆಗೆ ಹೊಸ ನೀರು ಬಂದಿತ್ತು. ಅರಿವೆ ಒಗೆಯುತ್ತಿದ್ದ ತಾಯಿ ತಿರುಗಿ ನೋಡುವಷ್ಟರಲ್ಲಿ ಕಲ್ಲಿನ ಮೇಲೆ ಅವನ ಅಂಗಿ ಇತ್ತು, ಅವನಿರಲಿಲ್ಲ. ಅಂಬಿಗರು ದಿನಗಟ್ಟಲೆ ಹುಡುಕಿದರು. ವಿರುಪಾಕ್ಷಪ್ಪನವರು ದಂಡೆ ಹಿಡಿದು ಹೊಳೆಯ ಕೆಳಗೆ ಎಷ್ಟೋ ಊರು ದಾಟಿ ನಡೆದು ಹೋಗಿ ಬಂದರು. ದೇಹ ಸಿಗಲಿಲ್ಲ. ದೇಹ ಸಿಗದಿದ್ದರೆ ಮಣ್ಣಿಲ್ಲ. ಮಣ್ಣಿಲ್ಲದಿದ್ದರೂ ಕಾರ್ಯ ಮಾಡಬಹುದು, ಫೋಟೋ ಇಟ್ಟು ವಿಭೂತಿ ಹಚ್ಚಿ ಮಾಲೆ ಹಾಕಿ ಶಿವಗಣಾರಾಧನೆ ಮಾಡಿಬಿಡಿ ಎಂದು ಮಠದ ಅಯ್ಯನವರು ಹೇಳಿದ್ದರು. ಶಾಂತಕ್ಕ ಒಪ್ಪಲಿಲ್ಲ. ವರ್ಷ ತುಂಬುವ ಹೊತ್ತಿಗೆ ಹಿರಿಯರೆಲ್ಲ ಸೇರಿ ಮತ್ತೆ ಕೇಳಿದಾಗ ಶಾಂತಕ್ಕ ಹೇಳಿದ್ದು ಇಷ್ಟೇ ಅಂತೆ: ಆ ಹುಡುಗಿಗೆ ಇನ್ನೂ ನಾಲ್ಕು ಬಾಗಿಲು ತೆರೆಯುವುದು ಬಾಕಿ ಇದೆ. ಪುಸ್ತಕ ಮುಗಿಯಲಿ.

ಯಾವ ಹುಡುಗಿ, ಯಾವ ಪುಸ್ತಕ ಎಂದು ಹಿರಿಯರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಕೆಲವರು ಸಿಟ್ಟಾದರು, ಕೆಲವರು ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿ ಎಂದರು. ವಿರುಪಾಕ್ಷಪ್ಪನವರು ಮಾತ್ರ, ಇಷ್ಟು ತಡೆದೇವಿ, ಮುಗೀಲಿ ಬಿಡ್ರಿ ಎಂದರಂತೆ. ಕಥೆ ಅಂದ ಮೇಲೆ ಎಂದಾದರೂ ಮುಗಿಯುತ್ತದೆ ಎಂಬುದು ಅವರ ಲೆಕ್ಕವಾಗಿತ್ತೇನೋ.

ಇದನ್ನು ಕೇಳಿದ ಮೇಲೆ ನನಗೆ ಹಿತ್ತಲಿಗೆ ಹೋಗಿ ಕೂರುವುದು ಮೊದಲಿನಷ್ಟು ಹಗುರಾಗಿರಲಿಲ್ಲ. ಮೆಹರುನ್ನಿಸಾ ಓದುವಾಗ ಉಳಿದ ಹೆಂಗಸರು ಅಯ್ಯ, ಹಂಗಾತಾ, ಆಕೀ ಕಾಲು ಸುಡಲಿಲ್ಲೇನು ಎಂದು ನಡುನಡುವೆ ಬಾಯಿ ಹಾಕುತ್ತಿದ್ದರು. ರಾಕ್ಷಸರ ಪಾತ್ರಕ್ಕೆಲ್ಲ ಓಣಿಯ ಗಂಡಸರ ಹೆಸರಿಟ್ಟು ನಗುತ್ತಿದ್ದರು. ಶಾಂತಕ್ಕ ನಗುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲವೆನ್ನಿಸುವ ಹಾಗೆ ಕೈ ಆಡಿಸುತ್ತಿದ್ದರು. ಆದರೆ ಒಂದು ದಿನ ಮೆಹರುನ್ನಿಸಾ ಒಂದು ಸಾಲು ಹಾರಿಸಿದಾಗ, "ಬಾಗಲದ ಕೀಲಿ ಆಕೀ ಯಾ ಕೈಯಾಗ ಹಿಡದಿದ್ದು ಹೇಳಲಿಲ್ಲಲ್ಲ" ಎಂದರು, ತಲೆ ಎತ್ತದೆ.

ನಾವು ಬಂದ ಮೇಲಿನ ಎರಡನೆಯ ಸುಗ್ಗಿಯಲ್ಲಿ, ಮಾರ್ಕೆಟ್ ತುಂಬಿ ರಸ್ತೆಗೆಲ್ಲ ಚೀಲ ಬಂದು ಬಿದ್ದ ಕಾಲದಲ್ಲಿ, ಹನ್ನೆರಡನೆಯ ಪುಸ್ತಕ ಬಂತು. ಇಮಾಮ್‌ಸಾಹೇಬರ ಮನೆಗೆ ನಾನೇ ಹೋಗಿದ್ದೆ, ಏನೋ ನೆವ ಮಾಡಿಕೊಂಡು. ಒಲೆಯ ಮೇಲೆ ಅಂಟು ಬುಳುಬುಳು ಎನ್ನುತ್ತಿತ್ತು. ಮೆಹರುನ್ನಿಸಾ ಬಿಚ್ಚಿದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಕಾಯಿದೆಯಂತೆ ನಾನು ಏನೂ ಕೇಳುವಂತಿರಲಿಲ್ಲ. ಆಕೆ ಕೊನೆಯ ಹಾಳೆಗಳನ್ನು ತಾನಾಗಿಯೇ ನನ್ನ ಕೈಗಿಟ್ಟಳು. ಅದುವರೆಗೆ ಎಂದೂ ಹಾಗೆ ಮಾಡಿದವಳಲ್ಲ.

ಕಿರಣಲೇಖೆ ಹನ್ನೆರಡನೆಯ ಬಾಗಿಲು ತೆರೆಯುತ್ತಾಳೆ. ಆಚೆ ಯಾವ ಮಾಯೆಯೂ ಇಲ್ಲ. ಒಂದು ಹೊಳೆ, ಒಂದು ಊರು. ದಂಡೆಯಲ್ಲಿ ಚಿರಂತ ಇದ್ದಾನೆ, ದೊಡ್ಡವನಾಗಿದ್ದಾನೆ, ಆರೋಗ್ಯವಾಗಿದ್ದಾನೆ. ಆ ನಾಡಿನ ಹಣ್ಣು ತಿಂದವರಿಗೆ ಹಿಂದಿನದು ನೆನಪಿರುವುದಿಲ್ಲ. ಅವನು ಅವಳನ್ನು ನೋಡಿ, "ಯಾರಮ್ಮಾ ನೀವು? ದೂರದಿಂದ ಬಂದಿರಾ? ನೀರು ಬೇಕೇ?" ಎನ್ನುತ್ತಾನೆ. ಆಕೆ ನೀರು ಕುಡಿದು, ಅವನ ತಲೆ ಸವರಿ, ಬಂದ ದಾರಿಯಲ್ಲಿ ಹಿಂತಿರುಗುತ್ತಾಳೆ. ಅಷ್ಟೇ. ಮುಗಿಯಿತು.

ನನಗೆ ಆಗ, ಸಾಹಿತ್ಯ ಓದಿದವಳ ಜಂಬಕ್ಕೆ, ಇದು ಬಹಳ ಡಿಗ್ನಿಫೈಡ್ ಆದ ಎಂಡಿಂಗ್ ಅನ್ನಿಸಿತು. ಅಳು ಇಲ್ಲ, ಅಬ್ಬರ ಇಲ್ಲ. ಎಂಥ ರೆಸ್ಟ್ರೇಂಟ್ ಎಂದುಕೊಂಡೆ. ಆಮೇಲೆ ಮೆಹರುನ್ನಿಸಾಳ ಮುಖ ನೋಡಿ ಆಕೆ ಯಾರನ್ನು ನೆನೆಯುತ್ತಿದ್ದಾಳೆಂದು ಹೊಳೆಯಿತು.

ವಾರವೊಂದೆರಡರಲ್ಲಿ ಕಡೇ ತುಂಡು ನಾಲ್ಕಾರು ಮನೆ ಸುತ್ತಿತು, ಲೈಬ್ರರಿಯ ಮುಂದೆ ಜಗಳ ಶುರುವಾಯಿತು. ಜಗಳವೆಂದರೆ ದಿನಾ ಸಂಜೆಯ ಜಗಳ. ಅಂಚೆ ಕಚೇರಿಯ ಕುಲಕರ್ಣಿಯವರು ಹಾವೇರಿಯಿಂದ ದಿನವೂ ರೈಲಿನಲ್ಲಿ ಓಡಾಡುವವರು. ಅವರು ಅಲ್ಲಿನ ವಾದವನ್ನೂ ಹೊತ್ತು ತರುತ್ತಿದ್ದರು. ಹಾವೇರಿಯಲ್ಲಿ ಒಂದು ಗುಂಪು ಪುಸ್ತಕವನ್ನು ಲೈಬ್ರರಿಯವನ ಮೇಜಿನ ಮೇಲೆ ಎಸೆದು ಬಂದಿದೆಯಂತೆ. ರಾಣೆಬೆನ್ನೂರಿನಲ್ಲಿ ಒಬ್ಬ ಮಾಸ್ತರರು ಇದಕ್ಕಿಂತ ಒಳ್ಳೆಯ ಮುಕ್ತಾಯ ಭೂಮಿಯ ಮೇಲೆ ಇಲ್ಲವೆಂದು ವರ್ಗದಲ್ಲಿ ಪಾಠವನ್ನೇ ಮಾಡಿದರಂತೆ. ಕುಲಕರ್ಣಿಯವರದು ಎಸೆದು ಬಂದವರ ಪಕ್ಷ. "ಇಷ್ಟು ವರ್ಷ ನಮ್ಮನ್ನ ಹನ್ನೆರಡು ಬಾಗಲಾ ದಾಟಿಸಿ, ಕಡೀಕ ಒಂದು ವಾಟಗಾ ನೀರು ಕುಡಿಸಿ ಮನೀಗೆ ಕಳಿಸ್ಯಾನ್ರಿ" ಎನ್ನುತ್ತಿದ್ದರು. ಸರಕಾರಿ ದವಾಖಾನೆಯ ನರ್ಸ್ ಪ್ರೇಮಾ ಸಿಸ್ಟರ್ ಬಿಡುತ್ತಿರಲಿಲ್ಲ. ಹುಡುಗ ಬದುಕಿದ್ದಾನಲ್ಲ, ಉಂಡುಟ್ಟು ಚೆನ್ನಾಗಿದ್ದಾನಲ್ಲ, ಇನ್ನೇನು ಬೇಕು ನಿಮಗೆ ಎನ್ನುವುದು ಅವರ ವಾದ. ಗುರುತೇ ಸಿಗದ ಮೇಲೆ ಬದುಕಿದ್ದರೇನು ಎಂದು ಕುಲಕರ್ಣಿಯವರು. ವಾರ್ಡಿನಲ್ಲಿ ದಿನಾ ಹೆಣ ಕಟ್ಟಿಕೊಡುವವಳು ನಾನು, ಬದುಕಿದ್ದರೇನು ಎನ್ನುವ ಮಾತು ನನ್ನ ಮುಂದೆ ಆಡಬೇಡಿ ಎಂದು ಅವರು. ಗುರುನಾಥ ಚಹಾ ತರಿಸುತ್ತಿದ್ದ. ಮಧ್ಯೆ ಮಧ್ಯೆ ಮೊದಲ ತುಂಡಿನವರು ಯಾರಾದರೂ ಬಂದರೆ ಎಲ್ಲರೂ ಬಾಯಿ ಮುಚ್ಚಿ ಮೆಣಸಿನಕಾಯಿಯ ಧಾರಣೆ ಮಾತಾಡುತ್ತಿದ್ದರು.

ಮತ್ತು ಶಾಂತಕ್ಕ ಬಂದರೂ ಹಾಗೆಯೇ. ಸಂತೆಗೆ ಹೋಗಿ ಬರುವಾಗ ಅವರು ಆ ದಾರಿಯಲ್ಲಿ ಬಂದರೆ ಇಡೀ ಕಟ್ಟೆ ಒಮ್ಮೆಗೇ ತಣ್ಣಗಾಗುತ್ತಿತ್ತು. ಅವರ ಮನೆಯ ಕಾರ್ಯ ಈ ಕಥೆಯ ಕೊನೆಯ ಮೇಲೆ ತೂಗುತ್ತಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಅವರು ಒಂದು ಗಳಿಗೆ ನಿಂತು, ಎಲ್ಲರ ಮುಖ ನೋಡಿ, ಮುಂದೆ ಹೋಗುತ್ತಿದ್ದರು.

ಕಡೇ ತುಂಡು ನಮ್ಮ ಹಿತ್ತಲಿಗೆ ಬರುವ ಸರದಿ ಬಂತು. ಅದಕ್ಕೆ ಹಿಂದಿನ ದಿನ ಮಧ್ಯಾಹ್ನ ಮೆಹರುನ್ನಿಸಾ ನನ್ನ ಖೋಲಿಯಲ್ಲಿದ್ದಳು. ವಿರುಪಾಕ್ಷಪ್ಪನವರು ಬಂದು ಬಾಗಿಲಲ್ಲಿ ನಿಂತರು. ತಮ್ಮದೇ ಮನೆಯಾದರೂ ನಮ್ಮ ಖೋಲಿಯ ಹೊಸ್ತಿಲು ಅವರು ಎಂದೂ ದಾಟಿದವರಲ್ಲ. ಟೋಪಿ ಕೈಯಲ್ಲಿತ್ತು. ಪ್ರೇಮಾ ಸಿಸ್ಟರನ್ನು ಕೇಳಿ ಕಥೆಯ ಕೊನೆ ತಿಳಿದುಕೊಂಡು ಬಂದಿದ್ದರು. ಮೆಹರುನ್ನಿಸಾಳತ್ತ ತಿರುಗಿ ಹೇಳಿದರು:

"ತಂಗೆವ್ವಾ, ನಾಳೆ ಆ ಹುಡುಗ ಸತ್ತಾನಂತ ಓದು."

ಮೆಹರುನ್ನಿಸಾ ಎದ್ದು ನಿಂತಳು. ಬರೆದದ್ದನ್ನು ಬಿಟ್ಟು ಓದಲು ತನಗೆ ಬಾಯಿ ಬರುವುದಿಲ್ಲ ಎಂದಳು. ಸಣ್ಣಂದಿನಲ್ಲಿ ಅಪ್ಪ ಕುರಾನ್ ಓದು ಕಲಿಸುವಾಗ ಒಂದು ಚುಕ್ಕೆ ತಪ್ಪಿದರೂ ಮೊದಲಿನಿಂದ ಓದಿಸುತ್ತಿದ್ದರು, ಆ ಅಭ್ಯಾಸ ತನ್ನದು ಎಂದಳು.

"ಅದು ದೇವರ ಮಾತು, ತಂಗಿ. ಇದು ಯಾರೋ ಕಟ್ಟಿದ ಕಥಿ. ಒಬ್ಬಾಂವ ಕಟ್ಟಿದ್ದು ಇನ್ನೊಬ್ಬಾಕಿ ಕಟ್ಟಿದರ ಏನು ಪಾಪ?" ಎಂದರು ವಿರುಪಾಕ್ಷಪ್ಪನವರು. ಆಮೇಲೆ ದನಿ ಇನ್ನೂ ಇಳಿಸಿದರು. "ಎರಡೂವರಿ ವರ್ಷಾತು, ನಮ್ಮ ಮನಿಯಾಗ ಯಾರೂ ಅತ್ತಿಲ್ಲ. ಆಕಿ ಅತ್ತರ ನಾನೂ ಅಳತೇನಿ. ಹಾವೇರಿಯಿಂದ ಗಂಧದ ಚಕ್ಕಿ ಮಾಲಿ ತಂದಿಟ್ಟು ವರ್ಷ ಮ್ಯಾಲಾತು. ಫೋಟೋದ ಮುಂದ ಹೋಗಿ ನಿಂದ್ರತೇನಿ, ಹಿಂದಕ್ಕ ಬರತೇನಿ."

ಮೆಹರುನ್ನಿಸಾ ನನ್ನತ್ತ ನೋಡಿದಳು. ಅವರು ಕೇಳಿದ್ದಕ್ಕೆ ಈಗಿನವರು ಕ್ಲೋಷರ್ ಎನ್ನುತ್ತಾರೆ, ಆ ಶಬ್ದ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಾಗಿಲಲ್ಲಿ ಟೋಪಿ ಹಿಡಿದು ನಿಂತ ಆ ಮನುಷ್ಯನ ಮುಂದೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಕೊನೆಗೆ ಆಕೆ ಹೂಂ ಎಂದಳು. ಅವರು ಹೋದ ಮೇಲೆ ಬಹಳ ಹೊತ್ತು ಗೋಡೆಗೆ ಮುಖ ಮಾಡಿ ಕೂತು, ತುಟಿ ಅಲ್ಲಾಡಿಸುತ್ತ, ಮನಸ್ಸಿನಲ್ಲೇ ಒಂದು ಕೊನೆ ಕಟ್ಟಿದಳು. ನನಗೆ ಒಮ್ಮೆ ಹೇಳಿ ತೋರಿಸಿದಳು. ಚೆನ್ನಾಗಿತ್ತು. ಅಚ್ಚಾದದ್ದಕ್ಕಿಂತ ಚೆನ್ನಾಗಿತ್ತು.

ಮರುದಿನ ಹಿತ್ತಲಲ್ಲಿ ಹೊಸ ಕಾಯಿ ಸುರುವಿದ್ದರು. ಡಬ್ಬಿ ಜಾತಿಯದು, ಕಡುಗೆಂಪು, ಸುಕ್ಕು ಸುಕ್ಕು. ಆ ದಿನ ಓಣಿಯ ಹೆಂಗಸರ ಜೊತೆ ಇನ್ನೂ ಎಷ್ಟೋ ಜನ ಬಂದಿದ್ದರು, ಕೆಲಸದ ನೆವದಲ್ಲಿ. ವಿರುಪಾಕ್ಷಪ್ಪನವರು ಆಚೆ ಬದಿಗೆ ತಕ್ಕಡಿಯ ಹತ್ತಿರ ದಬ್ಬಳದಿಂದ ಚೀಲದ ಬಾಯಿ ಹೊಲಿಯುತ್ತಿದ್ದರು. ಮೆಹರುನ್ನಿಸಾ ಶುರು ಮಾಡಿದಳು. ಕಿರಣಲೇಖೆ ಹನ್ನೆರಡನೆಯ ಬಾಗಿಲಿಗೆ ಬಂದಳು, ಕೀಲಿ ತಿರುವಿದಳು. ಆಚೆ ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಕಲ್ಲು, ಕಲ್ಲಿನ ಮೇಲೆ ತಮ್ಮನ ಹೆಸರು. ಆ ನಾಡಿನ ಜನ ಅವನನ್ನು ಮಂಜಿನಿಂದ ಎತ್ತಿ, ತಮ್ಮ ಮಗುವೆಂಬಂತೆ ಮಣ್ಣು ಮಾಡಿದ್ದರು. ಅಕ್ಕ ಆ ಕಲ್ಲನ್ನು ತಬ್ಬಿ ಅತ್ತಳು. ಆಕೆಯ ಕಣ್ಣೀರು ಬಿದ್ದಲ್ಲಿ ಮಂಜು ಕರಗಿ, ಕೋಟೆಯ ಹನ್ನೆರಡೂ ಬಾಗಿಲು ತಾವಾಗಿಯೇ ತೆರೆದುಕೊಂಡವು.

ಹೆಂಗಸರೆಲ್ಲ ಅಳುತ್ತಿದ್ದರು. ಮೆಣಸಿನಕಾಯಿ ಕೈಯಲ್ಲಿ ಕಣ್ಣೊರೆಸಿಕೊಳ್ಳುವಂತಿಲ್ಲವಲ್ಲ, ಮೊಣಕೈ ಮೇಲೆತ್ತಿ ತೋಳಿನಿಂದ ಒರೆಸಿಕೊಳ್ಳುತ್ತಿದ್ದರು. ನಾನೂ ಅತ್ತೆ, ಸುಳ್ಳೆಂದು ಗೊತ್ತಿದ್ದೂ. ತಕ್ಕಡಿಯ ಹತ್ತಿರ ದಬ್ಬಳ ನಿಂತಿತ್ತು. ಶಾಂತಕ್ಕ ಮಾತ್ರ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು, ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ ಹಾಕಿದರು. ಇನ್ನೊಂದು ಎತ್ತಿಕೊಂಡರು. ಆಮೇಲೆ ಹೇಳಿದರು:

"ಇದು ಅಲ್ಲ."

ಮೆಹರುನ್ನಿಸಾ ಪುಸ್ತಕದಿಂದ ಕಣ್ಣು ಎತ್ತಲಿಲ್ಲ.

"ಹುಡುಗ ಸತ್ತಿದ್ದರ ಎಲ್ಲಾರೂ ಅತ್ತು ಸುಮ್ಮನಾಗತಿದ್ದರು" ಎಂದರು ಶಾಂತಕ್ಕ, ಧಾರಣೆ ಹೇಳುವಷ್ಟು ಶಾಂತವಾಗಿ. "ಊರಾಗ ದಿನಾ ಸಂಜಿಗೆ ಜಗಳ ನಡದೈತಿ, ಚಲೋ ಮುಗೀತು, ಚಲೋ ಮುಗೀಲಿಲ್ಲ ಅಂತ. ನನ್ನ ನೋಡಿ ಬಾಯಿ ಮುಚ್ಚತಾರ. ಸತ್ತಾಂವನ ಮ್ಯಾಲ ಯಾರೂ ಹಂಗ ಜಗಳಾ ಮಾಡಂಗಿಲ್ಲವ್ವಾ. ಪುಸ್ತಕದಾಗ ಏನೈತಿ ಓದು."

ಹಿತ್ತಲಲ್ಲಿ ಸೀನು ಕೂಡ ನಿಂತುಹೋಯಿತು. ಮೆಹರುನ್ನಿಸಾ ತಕ್ಕಡಿಯ ಕಡೆ ನೋಡಿದಳು. ನಾನೂ ನೋಡಿದೆ. ವಿರುಪಾಕ್ಷಪ್ಪನವರು ದಬ್ಬಳವನ್ನು ಚೀಲಕ್ಕೆ ಚುಚ್ಚಿಟ್ಟು, ಕೈ ಒರೆಸಿಕೊಂಡು, ಹೆಂಡತಿಯ ಬೆನ್ನು ನೋಡುತ್ತ ನಿಂತರು.

"ಇದ್ದದ್ದು ಓದವ್ವಾ" ಎಂದರು.

ಓದಿದಳು. ಈ ಸಲ ದನಿಯಲ್ಲಿ ಏರಿಳಿತವಿರಲಿಲ್ಲ, ಶಾಲೆಯ ಹುಡುಗಿ ಪಾಠ ಒಪ್ಪಿಸುವಂತೆ. ಹೊಳೆ ಬಂತು, ಊರು ಬಂತು, ದೊಡ್ಡವನಾದ ಹುಡುಗ ಬಂದ. ಯಾರಮ್ಮಾ ನೀವು, ನೀರು ಬೇಕೇ ಎಂದ. ಅಲ್ಲಿಗೆ ಶಾಂತಕ್ಕನ ಕೈ ನಿಂತಿತು. ಮುಖದ ಮೇಲೆ ನಾನು ಆ ತನಕ ಕಾಣದ ಒಂದು ಬೆಳಕು ಬಂತು, ಹೆದರಿಕೆಯಾಗುವಂಥ ಬೆಳಕು. "ಗುರ್ತು ಸಿಗಂಗಿಲ್ಲ, ಅಷ್ಟ" ಎಂದರು, ಯಾರಿಗೂ ಅಲ್ಲ. ಪುಟ ಮುಗಿಯುವ ಹೊತ್ತಿಗೆ ವಿರುಪಾಕ್ಷಪ್ಪನವರು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿದ್ದರು.

ಮರುದಿನ ಶಾಂತಕ್ಕ ತುಂಬು ಬಿಡಿಸಲು ಬರಲಿಲ್ಲ. ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ರಾಣೆಬೆನ್ನೂರಿಗೆ ಹೋಗಿದ್ದರು. ಅದರ ಮರುದಿನ ಹಾವೇರಿ. ಆಮೇಲೆ ಕಾಗಿನೆಲೆ, ಕುಮಾರಪಟ್ಟಣ, ಹೊಳೆಯ ಆಚೆ ದಂಡೆಯ ಊರುಗಳು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಯಾರನ್ನೂ ಕರೆಯುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ಕರೆದರೆ ಏನು ಉಪಯೋಗ, ಅವನಿಗೆ ನೆನಪಿರುವುದಿಲ್ಲವಲ್ಲ. ಒಂದೊಂದು ಮುಖವನ್ನೂ ನೋಡುತ್ತಿದ್ದರು, ಅಷ್ಟೇ. ಕೆಲವು ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡು ಹೋಗುತ್ತಿದ್ದರಂತೆ. ಒಮ್ಮೆ ಪೊಲೀಸರು ಕೂರಿಸಿಕೊಂಡಾಗ ವಿರುಪಾಕ್ಷಪ್ಪನವರು ಹೋಗಿ ಬಿಡಿಸಿ ತಂದರು. ಕಾರ್ಯದ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅಯ್ಯನವರು ಬರುವುದನ್ನು ಬಿಟ್ಟರು.

ಲೈಬ್ರರಿಯ ಮುಂದಿನ ಜಗಳವೂ ನಿಂತಿತು. ಪ್ರೇಮಾ ಸಿಸ್ಟರ್ ಆ ಕಡೆ ಬರಲಿಲ್ಲ. ಕುಲಕರ್ಣಿಯವರು ಒಂದು ಸಂಜೆ ನನಗೆ ಸಿಕ್ಕು, ನಾವು ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ ಬಾಯಾರ ಎಂದರು. ಸುಮ್ಮನಿದ್ದದ್ದೇ ಶಾಂತಕ್ಕನಿಗೆ ಕೇಳಿಸಿದ್ದು ಎಂದು ನಾನು ಹೇಳಲಿಲ್ಲ. ಮೆಹರುನ್ನಿಸಾಳನ್ನು ಮುಂದಿನ ಬೇಸಿಗೆಗೆ ಹರಿಹರಕ್ಕೆ ಮದುವೆ ಮಾಡಿ ಕೊಟ್ಟರು. ಹಿತ್ತಲಿಗೆ ಟ್ರಾನ್ಸಿಸ್ಟರ್ ಬಂತು. ನಮಗೆ ಮತ್ತೆ ಟ್ರಾನ್ಸ್‌ಫರ್ ಆಯಿತು, ಕಲಬುರ್ಗಿಗೆ. ಹೊರಡುವ ದಿನ ವಿರುಪಾಕ್ಷಪ್ಪನವರು ಒಂದು ಚೀಲ ಮೆಣಸಿನಕಾಯಿ ಲಾರಿಗೆ ಹಾಕಿಸಿದರು, ನಾವು ಬೇಡವೆಂದರೂ.

ಆಮೇಲೆ ಎಷ್ಟೋ ವರ್ಷದ ಮೇಲೆ, ತೊಂಬತ್ತರ ದಶಕವೂ ಮುಗಿಯುತ್ತ ಬಂದಾಗ, ಯಾರದೋ ಮದುವೆಗೆಂದು ಹೋಗಿ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕಾಯಿತು. ಮಧ್ಯಾಹ್ನದ ಬಿಸಿಲು. ಕಲ್ಲಿನ ಬೆಂಚಿನ ತುದಿಯಲ್ಲಿ ಶಾಂತಕ್ಕ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಹಣೆಯ ಮೇಲೆ ಬರೀ ವಿಭೂತಿ. ನಾನು ಹೋಗಿ ಪಕ್ಕದಲ್ಲಿ ಕೂತೆ. ಗುರುತು ಹಿಡಿದರು, ಬಾಯಾರ ಚಲೋ ಇದ್ದೀರೇನು ಎಂದರು, ನಮ್ಮವರನ್ನು ಕೇಳಿದರು. ವಿರುಪಾಕ್ಷಪ್ಪನವರು ಹೋಗಿ ಮೂರು ವರ್ಷವಾಯಿತಂತೆ. ಟ್ರಂಕಿನಲ್ಲಿ ಗಂಧದ ಮಾಲೆಯೊಂದಿತ್ತು, ಯಾಕೆ ತಂದಿಟ್ಟಿದ್ದರೋ ಏನೋ, ಅವರಿಗೇ ಹಾಕಿದೆವು ಎಂದರು.

ಮಾತಾಡುತ್ತಿದ್ದರೂ ಅವರ ಕಣ್ಣು ನನ್ನ ಮೇಲಿರಲಿಲ್ಲ. ನಾನು ಆ ಕಣ್ಣಿನ ಹಾದಿ ಹಿಡಿದು ನೋಡಿದೆ. ಶಾಲೆಯ ಮಕ್ಕಳನ್ನು ಅವರು ಈಗ ನೋಡುತ್ತಿರಲಿಲ್ಲ. ಮೀಸೆ ಬಂದ ಹುಡುಗರನ್ನು, ಕೈಯಲ್ಲಿ ಬ್ಯಾಗು ಹಿಡಿದ ಕಂಡಕ್ಟರನನ್ನು, ಹೆಂಡತಿಯ ಜೊತೆ ಇಳಿದ ಒಬ್ಬ ತರುಣನನ್ನು. ಬಸೂ ಇದ್ದಿದ್ದರೆ ಅಷ್ಟು ದೊಡ್ಡವನಾಗಿರುತ್ತಿದ್ದ. ವರ್ಷಕ್ಕೆ ವರ್ಷ ಸೇರಿಸಿಕೊಂಡೇ ಅವರು ಹುಡುಕಿದ್ದರು. ನಾನು ಏನೋ ಹೇಳಬೇಕೆಂದು ಹೊರಟೆ, ಮನೆಗೆ ಹೋಗೋಣ ನಡೆಯಿರಿ ಶಾಂತಕ್ಕ ಎಂದೋ ಏನೋ. ಅವರೇ ಮೊದಲು ಮಾತು ತೆಗೆದರು.

"ಬಾಯಾರ, ನೀವು ಭಾಳ ಸಾಲಿ ಕಲ್ತವರು. ನನಗ ಒಂದು ತಿಳೀವಲ್ದು. ಆ ಹುಡುಗಿ ಯಾಕ ತಿರುಗಿ ಬಂದಳು?"

ಯಾವ ಹುಡುಗಿ ಎಂದು ನಾನು ಕೇಳಲಿಲ್ಲ. ಲೈಬ್ರರಿಯ ಮುಂದೆ ಅಷ್ಟು ದಿನ ಜಗಳವಾಡಿದ ಯಾರ ಬಾಯಿಂದಲೂ ಆ ಪ್ರಶ್ನೆ ಬಂದಿರಲಿಲ್ಲ. ಹುಡುಗ ಗುರುತು ಹಿಡಿಯಬೇಕಿತ್ತೇ, ಬೇಡವೇ ಎನ್ನುವುದರಲ್ಲೇ ನಾವು ಮುಳುಗಿದ್ದೆವು. ರೆಸ್ಟ್ರೇಂಟ್ ಎಂದು ನಾನು ಮೆಚ್ಚಿಕೊಂಡಿದ್ದದ್ದು ಆಕೆ ಹಿಂತಿರುಗಿದ್ದನ್ನೇ.

"ಅಂವಗ ಗುರ್ತು ಸಿಗಲಿಲ್ಲ, ಇರಲಿ" ಎಂದರು ಶಾಂತಕ್ಕ. "ಆಕಿಗೆ ಸಿಕ್ಕಿತ್ತಲ್ಲ. ಅದಽ ಊರಾಗ ಒಂದು ಮನಿ ಹಿಡದು, ದೂರ ನಿಂತು ದಿನಾ ನೋಡಬೌದಿತ್ತು."

ಹರಿಹರದ ಬಸ್ಸು ಒಳಗೆ ಬಂತು. ಶಾಂತಕ್ಕ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಜನ ಇಳಿಯುವ ಬಾಗಿಲಿನ ಎದುರು, ಯಾರಿಗೂ ಅಡ್ಡವಾಗದಷ್ಟು ದೂರದಲ್ಲಿ ಹೋಗಿ ನಿಂತರು.